ಮಗನ ಹೊಸ ಮನೆ, ಹಿತ್ತಲಲ್ಲಿ ಹೊಳೆ

ತಿಪಟೂರಿನ ಟೀಚರಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರ ನಾಲ್ಕು ಪುಟ, ಪೂರ್ತಿ ಹಾಕೋಕೆ ಜಾಗ ಸಾಲಲ್ಲ, ಅದಕ್ಕೆ ಉಳಿದ ಓದುಗರಿಗೋಸ್ಕರ ಎರಡು ಮಾತಲ್ಲಿ ಹೇಳ್ಬಿಡ್ತೀನಿ. ನಿಮ್ಮ ಮಗ ಸೊಸೆ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ, ಇಬ್ಬರಿಗೂ ಮನೆಯಿಂದಾನೇ ಕೆಲಸ, ಸ್ಯಾನ್ ಆಂಟೋನಿಯೋ ಟ್ರಾಫಿಕ್ ಸಾಕಾಗಿ ಕರ್ ಕೌಂಟಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಅನ್ನೋ ಹಳ್ಳಿಗಾಡಿನ ಕಡೆ ಒಂದು ಮನೆ ನೋಡಿದ್ದಾರೆ, ಹಿತ್ತಲಿಂದ ಇಳಿದ್ರೆ ಗ್ವಾಡಲೂಪ್ ಹೊಳೆ. ನೀವು ಅಲ್ಲಿಗೆ ಹೋಗಿದ್ದಾಗ ದಡದ ಮರದಲ್ಲಿ, ನಿಮ್ಮ ತಲೆಗಿಂತ ಮೇಲೆ, ಕೊಂಬೆ ಸಂದಿಯಲ್ಲಿ ಒಣಹುಲ್ಲು ಕಡ್ಡಿ ಜೊತೆಗೆ ಒಂದು ನೀಲಿ ಪ್ಲಾಸ್ಟಿಕ್ ಹಗ್ಗ ಸಿಕ್ಕಿಹಾಕ್ಕೊಂಡಿದ್ದು ನೋಡಿದ್ರಿ. ಇದು ಇಷ್ಟು ಮೇಲೆ ಹೇಗೆ ಬಂತೋ ಅಂದಿದ್ದಕ್ಕೆ ಮಗ, "ಅಮ್ಮ, ಇದು ಫ್ಲಡ್ ಝೋನ್ ಅಲ್ಲ, ಆಗಿದ್ರೆ ಬ್ಯಾಂಕಿನವರೇ ಇನ್ಶೂರೆನ್ಸ್ ಮಾಡಿಸು ಅಂತಿದ್ರು" ಅಂದ. ಇದು ಬರೀ ವಯಸ್ಸಾದವಳ ಭಯಾನಾ ಅಂತ ಕೇಳಿದ್ದೀರಿ.

ಅಲ್ಲಮ್ಮ. ನೀವು ನೋಡಿದ್ದು ಸರಿಯಾಗೇ ಇದೆ.

ಆ ಹಗ್ಗ ಯಾವ ವರ್ಷದ ನೀರಿಗೆ ಬಂದು ಕೂತಿದ್ದೋ ನಾನು ಇಲ್ಲಿ ಕೂತು ಹೇಳೋಕಾಗಲ್ಲ, ಆದ್ರೆ 2025ರ ಜುಲೈ 4ರ ಬೆಳಗಿನ ಜಾವ ಅದೇ ಹೊಳೆ, ಅದೇ ಕೌಂಟಿಯ ಹಂಟ್ ಅನ್ನೋ ಊರಿನ ಹತ್ರ ಮುಕ್ಕಾಲು ಗಂಟೆಯಲ್ಲಿ ಸುಮಾರು 26 ಅಡಿ ಏರಿತು. ಎರಡು ಮಹಡಿ ಮನೆ ಎತ್ತರ. ಜನ ನಿದ್ದೆಯಲ್ಲಿದ್ರು. ಹವಾಮಾನ ಇಲಾಖೆಯವರ ಎಚ್ಚರಿಕೆ ರಾತ್ರಿ ಒಂದೂಕಾಲಿನ ಹೊತ್ತಿಗೇ ಬಂದಿತ್ತು, ಆದ್ರೆ ಗುಡ್ಡದ ಸಂದಿಯಲ್ಲಿ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ, ಆ ಸಮಯದಲ್ಲಿ ಫೋನ್ ನೋಡೋರು ಯಾರು? ಆ ಕೌಂಟಿ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಹೋದ್ರು. ಕ್ಯಾಂಪ್ ಮಿಸ್ಟಿಕ್ ಅನ್ನೋ ಹೆಣ್ಣುಮಕ್ಕಳ ಬೇಸಿಗೆ ಶಿಬಿರದಲ್ಲೇ ಶಿಬಿರಕ್ಕೆ ಬಂದಿದ್ದ ಮಕ್ಕಳು, ಅವರನ್ನ ನೋಡ್ಕೋತಿದ್ದ ಹುಡುಗಿಯರು ಸೇರಿ 27 ಜನ. ಇದನ್ನ ಟೈಪ್ ಮಾಡ್ತಾ ಈಗಲೂ ಕೈ ನಿಲ್ಲುತ್ತೆ.

ಮಗ ಹೇಳಿದ ಮಾತಿಗೆ ಬರ್ತೀನಿ, ಯಾಕಂದ್ರೆ ಅದು ಅವರೊಬ್ಬರ ತಪ್ಪಲ್ಲ, ಅಲ್ಲಿ ಮನೆ ಕೊಳ್ಳೋ ಬಹಳಷ್ಟು ಜನ ಹಾಗೇ ಅಂದ್ಕೊಂಡಿರ್ತಾರೆ. ಫೀಮಾ ಅಂತ ಅಲ್ಲಿನ ಕೇಂದ್ರ ಸರ್ಕಾರದ ವಿಪತ್ತು ಇಲಾಖೆ ಇದೆ, ಅವರು ಪ್ರತಿ ಕೌಂಟಿಗೂ ಪ್ರವಾಹದ ನಕ್ಷೆ ಮಾಡ್ತಾರೆ. ವರ್ಷಕ್ಕೆ ನೂರರಲ್ಲಿ ಒಂದು ಪಾಲು ಮುಳುಗೋ ಸಂಭವ ಇರೋ ಜಾಗದ ಸುತ್ತ ಗೆರೆ ಎಳೀತಾರೆ. ಗೆರೆ ಒಳಗಿದ್ದು ಸಾಲ ತಗೊಂಡ್ರೆ ಫ್ಲಡ್ ಇನ್ಶೂರೆನ್ಸ್ ಕಡ್ಡಾಯ, ಹೊರಗಿದ್ರೆ ಬ್ಯಾಂಕ್ ಸಾಮಾನ್ಯವಾಗಿ ಕೇಳಲ್ಲ. ಬ್ಯಾಂಕ್ ಕಾನೂನು ಹೇಳಿದ್ದನ್ನ ನೋಡ್ತು ಅಷ್ಟೇ, ಹೊಳೆ ಬರಲ್ಲ ಅಂತ ಬರೆದುಕೊಟ್ಟಿಲ್ಲ. ಜನ ಇದನ್ನ "ನೂರು ವರ್ಷಕ್ಕೊಮ್ಮೆ ಬರೋ ಪ್ರವಾಹ" ಅಂತ ಕರೆಯೋದರಿಂದಲೇ ಅರ್ಧ ಅನಾಹುತ ಆಗಿದೆ ಅನ್ನಿಸುತ್ತೆ ನನಗೆ, ಹೋದ ವರ್ಷ ಬಂತಲ್ಲ, ಇನ್ನು ನಮ್ಮ ಮೊಮ್ಮಕ್ಕಳ ಕಾಲಕ್ಕೆ ಅಂತ ಕೂತ್ಬಿಡ್ತಾರೆ. ಹಾಗಲ್ಲ, ಪ್ರತಿ ವರ್ಷವೂ ಹೊಸದಾಗಿ ಚೀಟಿ ಎತ್ತಿದ ಹಾಗೆ ಅದು. ನೀವು ಲೆಕ್ಕ ಕಲಿಸಿದವರು, ನಿಮಗೆ ಬೇಗ ತಿಳಿಯುತ್ತೆ: ವರ್ಷಕ್ಕೆ 1 ಪರ್ಸೆಂಟ್ ಅಂದ್ರೆ 30 ವರ್ಷದ ಹೋಮ್ ಲೋನ್ ತೀರೋದರೊಳಗೆ 26 ಪರ್ಸೆಂಟ್. ನಾಲ್ಕು ಮನೆಯಲ್ಲಿ ಒಂದು. ಅದೂ ಗೆರೆಯ ಅಂಚಿನಲ್ಲಿರೋ ಮನೆಯ ಲೆಕ್ಕ, ಹೊಳೆಗೆ ಹತ್ತಿರ ಹೋದಷ್ಟೂ ಜಾಸ್ತಿ.

ಆ ಗೆರೆ ಕಲ್ಲಲ್ಲಿ ಕೆತ್ತಿದ್ದೂ ಅಲ್ಲ. ಮಾಲೀಕರು ಅಳತೆ ಮಾಡಿಸಿ ಅರ್ಜಿ ಕೊಟ್ರೆ ಕಟ್ಟಡವನ್ನ ಅಪಾಯದ ವಲಯದಿಂದ ಕೈಬಿಡಿಸ್ಬಹುದು. ಕ್ಯಾಂಪ್ ಮಿಸ್ಟಿಕ್‌ನ ಎಷ್ಟೋ ಕಟ್ಟಡಗಳೂ ಹಾಗೆ ಕೈಬಿಟ್ಟವೇ ಅಂತ ಆಮೇಲೆ ಪತ್ರಿಕೆಯವರು ದಾಖಲೆ ತೆಗೆದು ತೋರಿಸಿದ್ರು. ಆ ಸೀಮೆಯನ್ನ ಅಲ್ಲಿನವರೇ ಫ್ಲ್ಯಾಶ್ ಫ್ಲಡ್ ಆಲಿ, ಅಂದ್ರೆ ದಿಢೀರ್ ಪ್ರವಾಹದ ಓಣಿ ಅಂತ ಕರೀತಾರೆ, ಸುಣ್ಣಕಲ್ಲಿನ ಗುಡ್ಡ, ಮೇಲೆ ತೆಳ್ಳಗೆ ಮಣ್ಣು, ಮಳೆ ಬಿದ್ರೆ ಇಂಗಲ್ಲ, ಬಂಡೆ ಮೇಲೆ ಕೊಡ ಬೋರಲು ಹಾಕಿದ ಹಾಗೆ ಇಳಿಯುತ್ತೆ. 1987ರ ಜುಲೈನಲ್ಲೂ ಇದೇ ಹೊಳೆ ಬೇರೊಂದು ಶಿಬಿರದಿಂದ ವಾಪಸ್ ಹೊರಟಿದ್ದ ಹತ್ತು ಹುಡುಗ ಹುಡುಗಿಯರನ್ನ ಕೊಚ್ಕೊಂಡು ಹೋಗಿತ್ತು.

ಇಷ್ಟೆಲ್ಲಾ ಆಗೋ ಜಾಗದಲ್ಲಿ ಫ್ಲಡ್ ಇನ್ಶೂರೆನ್ಸ್ ಇದ್ದಿದ್ದು ನೂರು ಮನೆಗೆ ಎರಡೋ ಮೂರೋ. ಯಾಕಂದ್ರೆ "ಮನೆಗೆ ಇನ್ಶೂರೆನ್ಸ್ ಇದೆಯಲ್ಲ" ಅಂತ ಎಲ್ಲರೂ ನಂಬಿರ್ತಾರೆ. ಇದನ್ನ ದಯವಿಟ್ಟು ಮಗನಿಗೆ ಓದಿ ಹೇಳಿ: ಅಲ್ಲಿನ ಮಾಮೂಲಿ ಹೋಮ್ ಇನ್ಶೂರೆನ್ಸ್ ಪಾಲಿಸಿ ಹೊಳೆ ನೀರಿಗೆ ಒಂದು ಡಾಲರೂ ಕೊಡಲ್ಲ. ಚಾವಣಿ ಹಾರಿ ಮಳೆ ಒಳಗೆ ಸುರಿದ್ರೆ ಅದರ ಲೆಕ್ಕ, ನೆಲದ ಮೇಲಿಂದ ಹರ್ಕೊಂಡು ಬಂದು ಬಾಗಿಲು ದಾಟಿದ್ರೆ ಬೇರೆ ಪಾಲಿಸಿ ಬೇಕು. 1968ರಿಂದ ಸರ್ಕಾರವೇ ನಡೆಸೋ ಎನ್‌ಎಫ್‌ಐಪಿ ಅನ್ನೋ ಯೋಜನೆ ಅದಕ್ಕೇ ಇರೋದು, ಮಾರೋದು ಹೆಚ್ಚಾಗಿ ಖಾಸಗಿ ಕಂಪನಿ ಏಜೆಂಟರು. ಮನೆಗೆ ಹೆಚ್ಚೆಂದ್ರೆ ಎರಡೂವರೆ ಲಕ್ಷ ಡಾಲರ್, ಒಳಗಿನ ಸಾಮಾನಿಗೆ ಒಂದು ಲಕ್ಷ. ಇವೆರಡೂ ಬೇರೆಬೇರೆ, ಸಾಮಾನಿಗೆ ಬೇಕು ಅಂತ ಕೇಳದಿದ್ರೆ ಸಾಮಾನಿಗೆ ಸಿಗಲ್ಲ. ಸಾಮಾನಿಗೆ ಕೊಡೋದೂ ಹೊಸದರ ಬೆಲೆ ಅಲ್ಲ, ಸವೆದ ಲೆಕ್ಕ ಕಳೆದು. ರಿಪೇರಿ ಮುಗಿಯೋವರೆಗೆ ಬೇರೆ ಕಡೆ ಬಾಡಿಗೆ ಕಟ್ಟಿದ್ದು ಬರಲ್ಲ, ಕಾರು ಮುಳುಗಿದ್ರೆ ಅದೂ ಇದರಲ್ಲಿ ಬರಲ್ಲ. ಎರಡೂವರೆ ಲಕ್ಷಕ್ಕೆ ಆ ಮನೆ ಮತ್ತೆ ಕಟ್ಟೋಕಾಗಲ್ಲ ಅಂದ್ರೆ ಮೇಲಿನ ಮೊತ್ತಕ್ಕೆ ಖಾಸಗಿಯವರನ್ನ ಕೇಳ್ಬೇಕು.

ಪ್ರೀಮಿಯಂ ಎಷ್ಟಾಗುತ್ತೆ ಅಂದ್ರೆ ಮನೆಮನೆಗೆ ಬೇರೆ. 2021ರ ಅಕ್ಟೋಬರ್‌ನಿಂದ ಬರೀ ಝೋನ್ ನೋಡಿ ರೇಟ್ ಹಾಕೋದು ಬಿಟ್ಟು, ನೀರಿಗೆ ಎಷ್ಟು ದೂರ, ನೆಲ ಎಷ್ಟು ಎತ್ತರ, ಮತ್ತೆ ಕಟ್ಟೋಕೆ ಎಷ್ಟು ಖರ್ಚು ಇವನ್ನೆಲ್ಲ ನೋಡ್ತಾರೆ. ಹಾಗಾಗಿ ಆ ರೇಟೇ ಒಂದು ಸುಳಿವು. ಕೊಟೇಶನ್ ಕೇಳೋಕೆ ದುಡ್ಡಿಲ್ಲ, ನಕ್ಷೆ "ಪರವಾಗಿಲ್ಲ" ಅಂದ ಮನೆಗೆ ರೇಟ್ ಮಾತ್ರ ಜೋರಾಗಿ ಬಂತು ಅಂದ್ರೆ ಕೂತು ಯೋಚನೆ ಮಾಡ್ಲಿ.

ಸಮಯದ ವಿಷಯ ತುಂಬಾ ಮುಖ್ಯ. ಟೀವಿಯಲ್ಲಿ ಮೋಡ ನೋಡಿ ಪಾಲಿಸಿ ತಗೊಳ್ಳೋಕಾಗಲ್ಲ, ಕಟ್ಟಿದ 30 ದಿನ ಆದ ಮೇಲೇ ಜಾರಿಗೆ ಬರೋದು. ಆದ್ರೆ ಸಾಲ ಮಾಡಿ ಮನೆ ಕೊಳ್ತಿರೋರು ರಿಜಿಸ್ಟ್ರೇಷನ್, ಅವರ ಭಾಷೆಯಲ್ಲಿ ಕ್ಲೋಸಿಂಗ್, ಅದರೊಳಗೇ ಅರ್ಜಿ ಹಾಕಿದ್ರೆ ಆ ಕಾಯೋದು ಇಲ್ಲ. ನಿಮ್ಮ ಮಗ ಈಗ ಸರಿಯಾಗಿ ಅದೇ ಹಂತದಲ್ಲಿದ್ದಾರೆ, ಅದಕ್ಕೇ ನಾನು ಮುಂದಿನ ಸಂಚಿಕೆವರೆಗೆ ಕಾಯದೆ ಈ ಉತ್ತರ ನಿಮಗೆ ಮೊದಲೇ ಅಂಚೆಗೂ ಹಾಕ್ತಿದ್ದೀನಿ.

ಇನ್ನೊಂದು, ಇದು ನಮ್ಮವರು ಯಾರೂ ಹೇಳೋದು ನಾನು ಕೇಳಿಲ್ಲ. ಅಮೆರಿಕದಂಥ ದೇಶ, ಏನಾದ್ರೂ ಆದ್ರೆ ಸರ್ಕಾರ ನೋಡ್ಕೊಳ್ಳುತ್ತೆ ಅಂತ ಇಲ್ಲಿ ಅಪ್ಪ ಅಮ್ಮ ಧೈರ್ಯವಾಗಿರ್ತಾರೆ. ಫೀಮಾ ಕೊಡೋ ನೇರ ನಗದು ನೆರವು ಮೊದಲೇ ಕಮ್ಮಿ, ಮನೆ ಕಟ್ಟೋಕೆ ಸಾಲೋದಲ್ಲ, ಅದರ ಮೇಲೆ ಅದು ಸಿಗೋದು ಅಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡ್‌ನಂಥ ದರ್ಜೆ ಇರೋರಿಗೆ. ಎಚ್-1ಬಿ ವೀಸಾದಲ್ಲಿರೋರಿಗೆ ಇಲ್ಲ. ಅಲ್ಲೇ ಹುಟ್ಟಿದ ಮಗು ಮನೆಯಲ್ಲಿದ್ರೆ ಆ ಮಗುವಿನ ಪರವಾಗಿ ಅರ್ಜಿ ಹಾಕ್ಬಹುದು. ಇನ್ಶೂರೆನ್ಸ್‌ಗೆ ಮಾತ್ರ ವೀಸಾ ಕೇಳಲ್ಲ. ನಿಮ್ಮ ಮಗ ಸೊಸೆ ಇಬ್ಬರೂ ಎಚ್-1ಬಿ ಅಂತ ಬರೆದಿದ್ದೀರಿ, ಹಾಗಾಗಿ ಪಕ್ಕದ ಮನೆ ಅಮೆರಿಕನ್ನರಿಗಿಂತ ಇವರಿಗೆ ಈ ಪಾಲಿಸಿ ಹೆಚ್ಚು ಬೇಕು.

2019ರ ಆಗಸ್ಟ್ ಪ್ರವಾಹ ಇಳಿದ ಮೇಲೆ ನಾನು ಮಲಪ್ರಭಾ ದಂಡೆಯ ಒಂದು ಊರಿಗೆ ಹೋಗಿದ್ದೆ. ಒಬ್ಬರು ಅಜ್ಜಿ ಜೋಳದ ಚೀಲ ಬಿಚ್ಚಿ ನನ್ನ ಕೈ ಹಿಡಿದು ಒಳಗೆ ಇಟ್ರು. ಬೆಚ್ಚಗಿತ್ತು. ಕಾಳೆಲ್ಲಾ ಚೀಲದೊಳಗೇ ಮೊಳಕೆ ಬಂದು ಒಂದಕ್ಕೊಂದು ಹೆಣ್ಕೊಂಡು, ಹುಳಿ ವಾಸನೆ. ಆಮೇಲೆ ಗೋಡೆ ಕಡೆ ತಿರುಗಿ "2009ರಾಗ ಇಲ್ಲಿ ತನಕ ಬಂದಿತ್ರಿ, ಈ ಸಲ ಇಲ್ಲಿ" ಅಂತ ಎರಡು ಗುರುತು ತೋರಿಸಿದ್ರು, ಮೇಲಿನದು ಕ್ಯಾಲೆಂಡರ್ ಮೊಳೆಗಿಂತ ಎತ್ತರ. ನಿಮ್ಮ ಪತ್ರದಲ್ಲಿ ಆ ನೀಲಿ ಹಗ್ಗ ಓದಿದಾಗ ನನಗೆ ಆ ಗೋಡೆಯೇ ಕಣ್ಣ ಮುಂದೆ ಬಂತು.

ಮನೆ ಬೇಡ ಅನ್ನಿ ಅಂತ ನಾನು ಹೇಳಲ್ಲ, ಅದು ಅವರ ಜೀವನ. ಆದ್ರೆ ಟೆಕ್ಸಾಸ್‌ನಲ್ಲಿ 2019ರಿಂದ ಮಾರೋರು ತಮಗೆ ಗೊತ್ತಿರೋ ಹಾಗೆ ಮನೆಗೆ ಹಿಂದೆ ನೀರು ನುಗ್ಗಿತ್ತಾ, ಕ್ಲೇಮ್ ಮಾಡಿದ್ರಾ ಅನ್ನೋದನ್ನ ಫಾರಂನಲ್ಲಿ ಬರೆದುಕೊಡ್ಬೇಕು, ಆ ಪುಟ ಓದಿದ್ದಾರಾ ಕೇಳಿ. ಅಕ್ಕಪಕ್ಕದ ಹಳಬರ ಮನೆಗೆ ಹೋಗಿ ಜುಲೈ 4ರ ರಾತ್ರಿ ಇಲ್ಲಿ ಎಲ್ಲಿವರೆಗೆ ಬಂತು ಅಂತ ವಿಚಾರಿಸ್ಲಿ. ಪಾಲಿಸಿ ಗೋಡೆ ಕಟ್ಟಿಕೊಡುತ್ತೆ, ಜೀವ ಉಳಿಸಲ್ಲ, ಅದಕ್ಕೆ ಬ್ಯಾಟರಿಯಲ್ಲಿ ನಡೆಯೋ, ಹವಾಮಾನದ ಎಚ್ಚರಿಕೆ ಬಂದ್ರೆ ಕೂಗಿ ಹೇಳೋ ವೆದರ್ ರೇಡಿಯೋ ಒಂದು ಮಲಗೋ ಕೋಣೆಯಲ್ಲಿರ್ಲಿ, ರಾತ್ರಿ ಅದು ಕೂಗಿಕೊಂಡ್ರೆ ಕಾರು ತೆಗೆದು ಹೊಳೆ ದಾಟೋ ತಗ್ಗು ರಸ್ತೆ ಕಡೆ ಹೋಗದೆ ನಡ್ಕೊಂಡು ಗುಡ್ಡ ಹತ್ತೋ ದಾರಿ ಯಾವುದು ಅಂತ ಹಗಲಲ್ಲೇ ನೋಡಿಟ್ಕೊಂಡಿರ್ಲಿ.

ಈ ಭಾನುವಾರ ಅವರು ಮತ್ತೆ ಮನೆ ನೋಡೋಕೆ ಹೋಗ್ತಾರೆ ಅಂತ ಬರೆದಿದ್ದೀರಲ್ಲ. ಒಂದು ಅಳತೆ ಟೇಪ್ ತಗೊಂಡು ಹೋಗೋಕೆ ಹೇಳಿ. ಆ ಹಗ್ಗ ಸಿಕ್ಕಿರೋ ಕೊಂಬೆ ಮನೆಯ ನೆಲಕ್ಕಿಂತ ಮೇಲಿದೆಯಾ ಕೆಳಗಿದೆಯಾ, ಎಷ್ಟು ಅಡಿ ಅಂತ ನೋಡಿ ನನಗೂ ಒಂದು ಕಾರ್ಡ್ ಹಾಕಿ.

ನಿಮ್ಮ
ಸಂಪಾದಕ