ತವಾಫ್‌ನಲ್ಲಿ ಲೆಕ್ಕ ತಪ್ಪಿದರೆ ಮತ್ತೆ ಮೊದಲಿನಿಂದ ಸುತ್ತಬೇಕಾ?

ಪ್ರಶ್ನೆ: ಉಮ್ರಾದ (ಮಕ್ಕಾದ ಕಿರು ಯಾತ್ರೆಯ) ತವಾಫ್, ಅಂದರೆ ಕಅ್‌ಬಾಕ್ಕೆ ಏಳು ಸುತ್ತು ಹಾಕುವಾಗ ವಿಪರೀತ ಜನ. ನಾಲ್ಕನೇ ಸುತ್ತೋ ಐದನೆಯದೋ ಮರೆತುಹೋಯಿತು. ಹೆದರಿ ಮೊದಲಿನಿಂದ ಶುರು ಮಾಡಿದೆ. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಬೆರಳು ಮಡಚಿ ಎಣಿಸಿ 7 ಮುಗಿಸಿದೆ. ನನ್ನ ತವಾಫ್ ಸರಿಯಾಯಿತಾ?

ಉತ್ತರ: ಸರಿಯಾಯಿತು. ಆದರೆ ಅಷ್ಟೊಂದು ನಡೆಯುವ ಅಗತ್ಯ ಇರಲಿಲ್ಲ. ನಮಾಝಿನಲ್ಲಿ ಮೂರು ರಕಅತ್ತೋ (ನಮಾಝಿನ ಆವರ್ತನೆ) ನಾಲ್ಕೋ ಎಂದು ಅನುಮಾನ ಬಂದರೆ ಏನು ಮಾಡುತ್ತೀರಿ? ಮೂರೇ ಎಂದು ಹಿಡಿದು ಮುಂದುವರಿಯುತ್ತೀರಿ, ಅಲ್ವಾ? ಇಲ್ಲೂ ಅಷ್ಟೇ. ನಾಲ್ಕೋ ಐದೋ ಎಂದಾಗ ನಾಲ್ಕು ಎಂದಿಟ್ಟುಕೊಂಡು ಇನ್ನು ಮೂರು ಸುತ್ತಿದರೆ ಆಯಿತು. ಹೆಚ್ಚಿನ ಆಲಿಮರು (ಧರ್ಮ ವಿದ್ವಾಂಸರು) ಹೇಳುವುದು ಇದನ್ನೇ. ಇನ್ನು ತವಾಫ್ ಮುಗಿಸಿ, ಝಂಝಂ ಬಾವಿಯ ನೀರು ಕುಡಿದು ಕೂತ ಮೇಲೆ ಬರುವ ಅನುಮಾನಕ್ಕೆ ಬೆಲೆ ಕೊಡಲೇಬೇಡಿ. ಅದು ವಸ್‌ವಾಸ್, ಬರೀ ಮನಸ್ಸಿನ ಗೊಂದಲ.

ಎಣಿಸಲು ಒಂದು ಗುರುತು ಹೇಳುತ್ತೇನೆ. ಹಜರುಲ್ ಅಸ್ವದ್ (ಕಅ್‌ಬಾದ ಕಪ್ಪು ಕಲ್ಲು) ಇರುವ ಮೂಲೆಗೆ ನೇರವಾಗಿ ಮಸೀದಿಯ ಗೋಡೆಯ ಮೇಲೆ ಹಸಿರು ದೀಪ ಉರಿಯುತ್ತಿರುತ್ತದೆ. ಆ ಸಾಲಿಗೆ ಬಂದಾಗಲೆಲ್ಲ ಒಂದು ಸುತ್ತು ಮುಗಿಯಿತು. ಕಲ್ಲಿನ ಕಡೆ ಕೈ ಎತ್ತಿ ತಕ್ಬೀರ್ (ಅಲ್ಲಾಹು ಅಕ್ಬರ್) ಹೇಳಿ ಮುಂದೆ ಸಾಗಿ. ಮುತ್ತಿಡಲೇಬೇಕೆಂದು ಜನರನ್ನು ನೂಕಿಕೊಂಡು ನುಗ್ಗಬೇಡಿ. ಮುತ್ತಿಡುವುದು ಸುನ್ನತ್ (ಮಾಡಿದರೆ ಒಳ್ಳೆಯದು, ಕಡ್ಡಾಯವಲ್ಲ), ಇನ್ನೊಬ್ಬರಿಗೆ ನೋವು ಕೊಡುವುದು ಹರಾಮ್.

ಲೆಕ್ಕ ತಪ್ಪುವುದಕ್ಕಿಂತ ನನಗೆ ಜಾಸ್ತಿ ಚಿಂತೆ ಇನ್ನೊಂದು ತಪ್ಪಿನದು. ಕಅ್‌ಬಾದ ಒಂದು ಪಕ್ಕ ಅರ್ಧಚಂದ್ರಾಕಾರದ ಗಿಡ್ಡ ಗೋಡೆ ಇದೆ. ಅದೇ ಹಿಜ್ರ್, ನಮ್ಮಲ್ಲಿ ಹತೀಮ್ ಎನ್ನುತ್ತಾರೆ. ಜನ ಕಡಿಮೆ ಇದೆಯೆಂದು ಕೆಲವರು ಅದರೊಳಗೆ ಹಾದು ಸುತ್ತು ಹಾಕಿಬಿಡುತ್ತಾರೆ. ಮಕ್ಕಾದ ಕುರೈಶ್ ಬುಡಕಟ್ಟಿನವರು ಕಅ್‌ಬಾವನ್ನು ಹೊಸದಾಗಿ ಕಟ್ಟಿದಾಗ ಹಣ ಸಾಲದೆ ಅಷ್ಟು ಜಾಗವನ್ನು ಹೊರಗೆ ಬಿಟ್ಟರು ಎಂದು ಪ್ರವಾದಿ(ಸ)ಯವರು ತಮ್ಮ ಪತ್ನಿ ಆಯಿಶಾ(ರ)ರಿಗೆ ತಿಳಿಸಿದ್ದರು. ಅಂದರೆ ಅದೂ ಕಅ್‌ಬಾದ ಭಾಗವೇ. ಒಳಗೆ ಹಾದರೆ ನೀವು ಸುತ್ತಿದ್ದು ಕಅ್‌ಬಾವನ್ನು ಅಲ್ಲ. ಆ ಸುತ್ತು ಲೆಕ್ಕಕ್ಕಿಲ್ಲ ಎಂಬುದೇ ಹೆಚ್ಚಿನವರ ಅಭಿಪ್ರಾಯ.

ಸಈಯಲ್ಲೂ (ಸಫಾ, ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆಯುವುದು) ಒಂದು ಮಾತು. ಸಫಾದಿಂದ ಮರ್ವಾಕ್ಕೆ ಹೋದರೆ ಒಂದು, ವಾಪಸ್ ಬಂದರೆ ಎರಡು. ಹೋಗಿ ಬಂದಿದ್ದನ್ನು ಒಂದೆಂದು ಎಣಿಸಿ 14 ಸಲ ನಡೆದವರನ್ನು ಕಂಡಿದ್ದೇನೆ, ಪಾಪ. ಏಳನೆಯದು ಮರ್ವಾದಲ್ಲೇ ಮುಗಿಯಬೇಕು.

ಪ್ರಶ್ನೆ: ಇಹ್ರಾಮ್ ಕಟ್ಟಿದ (ಯಾತ್ರೆಯ ವ್ರತಸ್ಥಿತಿಗೆ ಸೇರಿದ) ಮೇಲೆ ಮುಟ್ಟಾದರೆ ಹಜ್ ಕೈತಪ್ಪಿತೇ?

ಉತ್ತರ: ಇಲ್ಲ ತಂಗಿ. ಪ್ರವಾದಿ(ಸ)ಯವರ ಜೊತೆ ಹಜ್‌ಗೆ ಹೊರಟ ಆಯಿಶಾ(ರ)ರಿಗೇ ಹೀಗಾಗಿತ್ತು. ಮಕ್ಕಾ ಹತ್ತಿರದ ಸರಿಫ್ ಎಂಬಲ್ಲಿ ಅವರು ಅಳುತ್ತಿದ್ದುದನ್ನು ನೋಡಿ ಪ್ರವಾದಿ(ಸ)ಯವರು ಸಮಾಧಾನ ಮಾಡಿದರು. ಇದು ಆದಮರ ಹೆಣ್ಣುಮಕ್ಕಳಿಗೆಲ್ಲ ಅಲ್ಲಾಹನು ವಿಧಿಸಿದ್ದು, ಹಾಜಿಗಳು ಮಾಡುವುದನ್ನೆಲ್ಲ ಮಾಡು, ತವಾಫ್ ಮಾತ್ರ ಶುದ್ಧಿಯಾಗುವ ತನಕ ಬೇಡ ಎಂದರು.

ಹಾಗಾಗಿ ಮಿನಾ, ಅರಫಾ, ಮುಝ್ದಲಿಫಾಗಳಲ್ಲಿ ತಂಗುವುದು, ಜಮ್ರಾಕ್ಕೆ (ಮಿನಾದ ಕಂಬಗಳಿಗೆ) ಕಲ್ಲೆಸೆಯುವುದು, ದುಆ, ದಿಕ್ರ್ (ಅಲ್ಲಾಹನ ಸ್ಮರಣೆ) ಯಾವುದಕ್ಕೂ ಅಡ್ಡಿಯಿಲ್ಲ. ತವಾಫ್ ಮುಗಿದ ಮೇಲೆ ಮುಟ್ಟಾದರೆ ಸಈ ಕೂಡ ಮಾಡಬಹುದು. ಹೊರಡುವ ಮುಂಚಿನ ವಿದಾಯದ ತವಾಫ್‌ನಿಂದ ನಿಮಗೆ ವಿನಾಯಿತಿಯೇ ಇದೆ. ಆದರೆ ಅರಫಾದ ನಂತರದ ತವಾಫುಲ್ ಇಫಾಳಾ ಹಾಗಲ್ಲ, ಅದು ಹಜ್ಜಿನ ಕಡ್ಡಾಯ ಭಾಗ. ಶುದ್ಧಿಯಾಗುವ ತನಕ ಕಾಯಬೇಕು. ವಿಮಾನದ ದಿನ ಎದುರಿಗೇ ಇದ್ದರೆ ಸುಮ್ನೆ ಒಳಗೊಳಗೇ ಕೊರಗಬೇಡಿ, ತಂಡದ ಆಲಿಮರಿಗೆ ನೇರವಾಗಿ ಹೇಳಿ. ಅಂಥ ಇಕ್ಕಟ್ಟಿನ ಬಗ್ಗೆ ಮದ್‌ಹಬ್‌ಗಳಲ್ಲಿ (ಧರ್ಮಶಾಸ್ತ್ರದ ಪಂಥಗಳಲ್ಲಿ) ಬೇರೆ ಬೇರೆ ಅಭಿಪ್ರಾಯಗಳಿವೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಪ್ರಶ್ನೆ: ಇಹ್ರಾಮ್‌ನಲ್ಲಿ ತಲೆ ತುರಿಸಿದೆ. ಎರಡು ಕೂದಲು ಕೈಗೆ ಬಂದವು. ಫಿದ್ಯಾ (ಪರಿಹಾರ) ಕೊಡಬೇಕಾ?

ಉತ್ತರ: ತಾನಾಗಿ ಉದುರಿದ ಕೂದಲಿಗೆ ಏನೂ ಇಲ್ಲ. ಬೇಕಂತಲೇ ಕಿತ್ತರೆ, ಬೋಳಿಸಿದರೆ ಮಾತ್ರ ಫಿದ್ಯಾದ ಪ್ರಶ್ನೆ. ಮಕ್ಕಾ ಹತ್ತಿರದ ಹುದೈಬಿಯಾದಲ್ಲಿ ಕಅಬ್ ಬಿನ್ ಉಜ್ರಾ(ರ) ಎಂಬ ಸಹಾಬಿಯ (ಪ್ರವಾದಿಯವರ ಸಂಗಾತಿಯ) ತಲೆಯಿಂದ ಹೇನುಗಳು ಮುಖದ ಮೇಲೆ ಉದುರುತ್ತಿದ್ದವು. ಬೋಳಿಸಿಕೋ ಎಂದು ಪ್ರವಾದಿ(ಸ)ಯವರೇ ಹೇಳಿದರು. ಬದಲಿಗೆ 3 ದಿನ ಉಪವಾಸ, ಇಲ್ಲವೇ 6 ಬಡವರಿಗೆ ಊಟ, ಇಲ್ಲವೇ ಒಂದು ಕುರಿಯ ಬಲಿ. ಮೂರರಲ್ಲಿ ಯಾವುದಾದರೂ ಸರಿ.

ತುರಿಸುವುದಕ್ಕೆ ಅಡ್ಡಿಯೇ ಇಲ್ಲ. ಇದೇ ಪ್ರಶ್ನೆಯನ್ನು ಆಯಿಶಾ(ರ)ರಿಗೂ ಕೇಳಿದ್ದರು. ತುರಿಸಲಿ, ಚೆನ್ನಾಗಿಯೇ ತುರಿಸಲಿ ಎಂದರಂತೆ. ನನ್ನ ಕೈ ಕಟ್ಟಿಹಾಕಿದ್ದರೆ ಕಾಲಿನಿಂದಲಾದರೂ ತುರಿಸಿಕೊಳ್ಳುತ್ತಿದ್ದೆ ಎಂದೂ ಹೇಳಿದರಂತೆ.