ಸೈಪ್ರಸ್‌ನಲ್ಲಿ ಕೇಳಬೇಕಾದ ಮಾತು: ‘ಕುಕ್ಯಾ’ ಇದೆಯೇ?

ಮಗನಿಗೆ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಕೊರತೆ ಇದೆ, ಏಪ್ರಿಲ್‌ನಲ್ಲಿ ಸೈಪ್ರಸ್‌ಗೆ ಹೊರಟಿದ್ದೇವೆ, ಊಟದ ಗತಿಯೇನು ಎಂದು ಕೇಳಿದ್ದೀರಿ. ಗಾಬರಿ ಬೇಡ. ಈ ಕೊರತೆ ಆ ದ್ವೀಪದವರಲ್ಲೂ ಇದೆ, ಅವರಿಗೆ ಇದು ಹೊಸ ವಿಷಯವಲ್ಲ.

ದೂರವಿಡಬೇಕಾದದ್ದು ಫಾವಾ ಕಾಳು, ಇಂಗ್ಲಿಷ್‌ನಲ್ಲಿ ಬ್ರಾಡ್ ಬೀನ್ಸ್. ಈ ಕೊರತೆಯಿರುವವರು ಅದನ್ನು ತಿಂದರೆ ಕೆಂಪು ರಕ್ತಕಣಗಳು ಒಡೆಯಬಹುದು. ಗ್ರೀಕ್‌ನಲ್ಲಿ ಅದು ‘ಕುಕ್ಯಾ’, ಉತ್ತರದ ಟರ್ಕಿಶ್ ಭಾಗದಲ್ಲಿ ‘ಬಕ್ಲಾ’. ನೀವು ಹೋಗುವ ವಸಂತದಲ್ಲೇ ಅದರ ಎಳೆಕಾಯಿಯ ಸುಗ್ಗಿ. ಹಸಿಯಾಗಿಯೂ ತಿನ್ನುತ್ತಾರೆ, ಪಲ್ಲೆಹೂವಿನ (ಆರ್ಟಿಚೋಕ್) ಜೊತೆ ಬೇಯಿಸಿಯೂ ಬಡಿಸುತ್ತಾರೆ. ಬೇಯಿಸಿದರೂ ಅಪಾಯ ತಪ್ಪುವುದಿಲ್ಲ. ಒಂದು ತಮಾಷೆ: ಗ್ರೀಕ್ ಹೋಟೆಲಿನ ಪಟ್ಟಿಯಲ್ಲಿ ‘ಫಾವಾ’ ಎಂದಿದ್ದರೆ ಅದು ಸಾಮಾನ್ಯವಾಗಿ ಹಳದಿ ಬೇಳೆಯ ಗೊಜ್ಜು, ಈ ಕಾಳಲ್ಲ! ಆದರೂ ಕೇಳಿಯೇ ತಿನ್ನಿಸಿ. ಫಲಾಫೆಲ್ ಎಂಬ ಕರಿದ ವಡೆಯಲ್ಲಿ ಕಡಲೆಯ ಬದಲು ಫಾವಾ ಇರಬಹುದು. ಅದನ್ನು ಬಿಟ್ಟುಬಿಡುವುದೇ ಲೇಸು.

ಹಲೂಮಿ ಚೀಸ್, ಸುವ್ಲಾಕಿ (ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ), ‘ಲೂವಿ’ ಎಂಬ ಅಲಸಂದೆ ಪಲ್ಯ, ಇವುಗಳಿಗೆ ನಿಮ್ಮ ವೈದ್ಯರು ಬೇಡವೆಂದಿಲ್ಲದಿದ್ದರೆ ಅಡ್ಡಿಯಿಲ್ಲ. ನಮ್ಮ ಅವರೆಕಾಳನ್ನೂ ಇಂಗ್ಲಿಷ್‌ನಲ್ಲಿ ಕೆಲವರು ಬ್ರಾಡ್ ಬೀನ್ಸ್ ಎನ್ನುವುದರಿಂದ ಗೊಂದಲವಾಗುತ್ತದೆ. ಅವೆರಡೂ ಬೇರೆ ಬೇರೆ ಗಿಡಗಳು.

ತಿಂದು ಒಂದೆರಡು ದಿನದೊಳಗೆ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮಗು ಬಿಳಿಚಿಕೊಂಡು ಸುಸ್ತಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ತುರ್ತು ಕರೆಗೆ 112. ಅಲ್ಲಿ ಯಾವ ಔಷಧಿ ಕೊಡುವ ಮೊದಲೂ ಕೊರತೆಯ ಹೆಸರು ಹೇಳಿ. ವೈದ್ಯರ ಚೀಟಿಯನ್ನು ಗ್ರೀಕ್‌ಗೆ ಅನುವಾದಿಸಿಕೊಂಡು ಜೇಬಿನಲ್ಲೇ ಇಟ್ಟುಕೊಳ್ಳಿ.