ಮೇಷ್ಟ್ರ ಕನಸಿಗೆ ಬಣ್ಣ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ 34 ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಈಗ ವಯಸ್ಸು 71. ಮೊನ್ನೆ ಬೆಳಿಗ್ಗೆ ಮೊಮ್ಮಗಳು ಎದ್ದವಳೇ, "ತಾತಾ, ಕನಸಲ್ಲಿ ನೇರಳೆ ಬಣ್ಣದ ಆನೆ ಬಂದಿತ್ತು" ಎಂದಳು. ನನಗೆ ಆಗ ಹೊಳೆಯಿತು, ನನ್ನ ಕನಸಿನಲ್ಲಿ ಬಣ್ಣವೇ ಇರುವುದಿಲ್ಲ. ಎಲ್ಲ ಕಪ್ಪು-ಬಿಳುಪು. ಜೀವಮಾನವೆಲ್ಲ ಬಣ್ಣ ಕಲಸಿದವನಿಗೆ ಹೀಗೇಕೆ? ತಲೆಯಲ್ಲಿ ಏನಾದರೂ ದೋಷವೇ? ಕಣ್ಣು ಮುಚ್ಚಿರುವಾಗ ಈ ಚಿತ್ರ ಬರೆಯುವವರಾದರೂ ಯಾರು?
— ಓದುಗರೊಬ್ಬರು, ಅರಸೀಕೆರೆ

ಮೇಷ್ಟ್ರೇ, ನಮಸ್ಕಾರ.

ಮೊದಲು ಗಾಬರಿಯ ಮಾತು ಮುಗಿಸಿಬಿಡೋಣ. ಎಚ್ಚರವಿದ್ದಾಗ ದಾಸವಾಳ ಕೆಂಪಗೆ, ಬಾಳೆಲೆ ಹಸಿರಾಗಿ ಕಾಣುತ್ತಿದೆ ತಾನೇ? ಹಾಗಿದ್ದರೆ ಕನಸಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎಚ್ಚರದಲ್ಲೇ ಬಣ್ಣ ಮಂಕಾದಂತೆ ಅನ್ನಿಸಿದರೆ ಮಾತ್ರ ಕಣ್ಣಿನ ಡಾಕ್ಟರಿಗೆ ತೋರಿಸಿ. ನಿಮ್ಮ ವಯಸ್ಸಿನಲ್ಲಿ ಪೊರೆ ಬಂದು ಎಲ್ಲ ಹಳದಿ ಹಳದಿಯಾಗಿ ಕಾಣುವುದು ಉಂಟು. ಅದು ಬೇರೆಯೇ ವಿಷಯ.

ನಿಮ್ಮ ಪತ್ರವನ್ನು ಆಫೀಸಿನಲ್ಲಿ ಜೋರಾಗಿ ಓದಿದೆ. ಪ್ರೂಫ್ ನೋಡುವ ನಮ್ಮ ಹಿರಿಯರು, ಅರವತ್ತು ದಾಟಿದವರು, "ನನ್ನದೂ ಹಾಗೇ ಕಣ್ರೀ, ಹಳೇ ಸಿನಿಮಾ ಥರ" ಎಂದರು. ಪುಟ ಕಟ್ಟುವ ಹುಡುಗಿ ನಕ್ಕುಬಿಟ್ಟಳು. "ಸಾರ್, ಬ್ಲಾಕ್ ಅಂಡ್ ವೈಟ್ ಕನಸು ಅಂತಾನೂ ಇರುತ್ತಾ?" ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ಐವತ್ತು ವರ್ಷಕ್ಕಿಂತ ಜಾಸ್ತಿ ಕನಸು ಕಂಡಿದ್ದೇನೆ, ಉತ್ತರ ಮಾತ್ರ ಗೊತ್ತಿರಲಿಲ್ಲ. ಬಣ್ಣ ಇತ್ತೋ ಇಲ್ಲವೋ ಎಂದು ನಾನು ಒಮ್ಮೆಯೂ ಗಮನಿಸಿಯೇ ಇರಲಿಲ್ಲ.

ಇದೇ ಪ್ರಶ್ನೆಯನ್ನು 1942ರಲ್ಲಿ ಮಿಡಲ್‌ಟನ್ ಎಂಬ ಮನೋವಿಜ್ಞಾನಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಕೇಳಿದ್ದರು. ಕನಸಿನಲ್ಲಿ ಬಣ್ಣ ಕಾಣುವುದೇ ಇಲ್ಲ, ಕಂಡರೂ ಅಪರೂಪ ಎಂದವರು ನೂರಕ್ಕೆ 70ರಷ್ಟು. ಆ ಕಾಲದ ಪಂಡಿತರೂ ಹಾಗೇ ನಂಬಿದ್ದರು. ಕನಸು ಎಂದರೆ ಕಪ್ಪು-ಬಿಳುಪು, ಬಣ್ಣ ಕಂಡರೆ ಅದೇ ವಿಶೇಷ. 2001ರಲ್ಲಿ ಕ್ಯಾಲಿಫೋರ್ನಿಯಾದ ತತ್ತ್ವಶಾಸ್ತ್ರದ ಪ್ರೊಫೆಸರ್ ಎರಿಕ್ ಶ್ವಿಟ್ಸ್‌ಗೇಬಲ್ ಆ ಹಳೆಯ ಪ್ರಶ್ನೆಯನ್ನೇ ತಮ್ಮ ವಿದ್ಯಾರ್ಥಿಗಳಿಗೆ ಕೊಟ್ಟರು. ಈ ಸಲ ಬಣ್ಣ ಕಾಣುವುದಿಲ್ಲ, ಅಪರೂಪ ಎಂದವರು ನೂರಕ್ಕೆ 18ರ ಹತ್ತಿರ!

ಅರವತ್ತು ವರ್ಷದಲ್ಲಿ ಮನುಷ್ಯನ ಮಿದುಳು ಬದಲಾಗುವುದಿಲ್ಲ. ಬದಲಾದದ್ದು ಸಿನಿಮಾ, ಟೀವಿ. 2008ರಲ್ಲಿ ಸ್ಕಾಟ್‌ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಈವಾ ಮರ್ಜಿನ್ ಇದನ್ನು ಇನ್ನೊಂದು ಕಡೆಯಿಂದ ಹಿಡಿದು ನೋಡಿದರು. ಚಿಕ್ಕಂದಿನಲ್ಲಿ ಬರೀ ಕಪ್ಪು-ಬಿಳುಪು ಪರದೆ ನೋಡಿ ಬೆಳೆದ 55 ದಾಟಿದವರಲ್ಲಿ ಕಾಲು ಭಾಗದಷ್ಟು ಕನಸು ಕಪ್ಪು-ಬಿಳುಪು. 25ರ ಒಳಗಿನವರಲ್ಲಿ ಅದು ನೂರಕ್ಕೆ 5 ಕೂಡ ಇಲ್ಲ.

ಈಗ ನಿಮ್ಮ ಲೆಕ್ಕ ಹಾಕಿ, ಮೇಷ್ಟ್ರೇ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದಿದ್ದು 1964ರಲ್ಲಿ. ನಿಮಗಾಗ ಹತ್ತರ ಆಸುಪಾಸು. ಅದಾದ ಮೇಲೂ ಎಷ್ಟೋ ವರ್ಷ ನಮ್ಮ ಸಿನಿಮಾಗಳು ಹೆಚ್ಚಾಗಿ ಕಪ್ಪು-ಬಿಳುಪಿನಲ್ಲೇ ಬಂದವು. ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ನೆಲದ ಮೇಲೆ ಕೂತು ನೀವು ನೋಡಿದ ರಾಜರು, ರಾಕ್ಷಸರು, ನಾಯಕಿಯರ ಸೀರೆ ಎಲ್ಲ ಬೂದು. ಟೀವಿಗೆ ಬಣ್ಣ ಬಂದಿದ್ದು 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ಹೊತ್ತಿಗೆ. ಅಷ್ಟರಲ್ಲಿ ನೀವು ಮೂವತ್ತರ ಹತ್ತಿರ ಬಂದಿದ್ದಿರಿ.

ಇಲ್ಲಿ ಒಂದು ತೊಡಕು ಇದೆ. ಟಾಕೀಸಿನಲ್ಲಿ ವಾರಕ್ಕೆ ಮೂರು ಗಂಟೆ ಕೂತಿರಬಹುದು. ಉಳಿದ ಹೊತ್ತೆಲ್ಲ ಬಣ್ಣದ ಲೋಕದಲ್ಲೇ ಓಡಾಡಿದ್ದೀರಿ. ಆ ಮೂರು ಗಂಟೆ ಇಡೀ ವಾರವನ್ನು ಸೋಲಿಸಿತೇ? ಸಿನಿಮಾ ಹೊಕ್ಕಿದ್ದು ಕನಸಿನೊಳಕ್ಕೋ, ಅಥವಾ ಕನಸನ್ನು ಹೇಳುವ ಬಾಯೊಳಕ್ಕೋ?

ಎರಡನೆಯದೇ ಇರಬೇಕು ಎನ್ನಲು ಒಂದು ಕಾರಣ ಇದೆ. ನಿದ್ದೆಯಲ್ಲಿ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಒಂದು ಹಂತ ಬರುತ್ತದೆ. ರೆಪ್ಪೆ ಮುಚ್ಚಿದ್ದರೂ ಒಳಗೆ ಕಣ್ಣುಗುಡ್ಡೆ ಸರಸರ ಓಡಾಡುತ್ತದೆ. ಇದನ್ನು ರೆಮ್ ನಿದ್ದೆ ಎನ್ನುತ್ತಾರೆ. ಶಿಕಾಗೋದ ಇಬ್ಬರು ವಿಜ್ಞಾನಿಗಳು 1953ರಲ್ಲಿ ಇದರ ಬಗ್ಗೆ ಮೊದಲು ಬರೆದರು. ಮೊಮ್ಮಗಳು ಮಲಗಿದ್ದಾಗ ನೋಡಿ, ನಿಮಗೂ ಕಾಣುತ್ತದೆ. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. 1962ರಲ್ಲಿ ಒಂದು ಅಮೆರಿಕನ್ ತಂಡ ಜನರನ್ನು ಸರಿಯಾಗಿ ಆ ಹೊತ್ತಿಗೆ ಎಬ್ಬಿಸಿ, ಕನಸು ಆರುವ ಮೊದಲೇ ಕೇಳಿತು. ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಕನಸುಗಳಲ್ಲಿ ಬಣ್ಣ ಸಿಕ್ಕಿತು. ಕನಸಿಗೆ ಬಣ್ಣವಿಲ್ಲ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದ್ದ ಕಾಲ ಅದು!

ಅಂದರೆ ಹಾಸಿಗೆಗೂ ಬಚ್ಚಲಿಗೂ ನಡುವೆ ಎಲ್ಲೋ ಬಣ್ಣ ಉದುರಿಹೋಗುತ್ತದೆ. ನೆನಪು ಗಟ್ಟಿಯಾಗಲು ಬೇಕಾದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ರೆಮ್ ನಿದ್ದೆಯಲ್ಲಿ ಬಹುಮಟ್ಟಿಗೆ ಬಂದ್ ಆಗಿರುತ್ತದೆ. ಎದ್ದು ಹತ್ತು ನಿಮಿಷದಲ್ಲಿ ಉಳಿಯುವುದು ಬರೀ ಕಥೆ. ಯಾರು ಬಂದರು, ಏನಂದರು, ಬಸ್ಸು ತಪ್ಪಿತೋ ಇಲ್ಲವೋ. ಬಸ್ಸಿನ ಬಣ್ಣ ಯಾರಿಗೆ ಬೇಕು? ಯಾರಾದರೂ ಬಣ್ಣ ಕೇಳಿದರೆ, ತಲೆಯಲ್ಲಿ ಮೊದಲೇ ಇದ್ದ ಒಂದು ಮಾದರಿಯಿಂದ ತುಂಬಿಸಿ ಹೇಳುತ್ತೇವೆ. ನಿಮ್ಮ ತಲೆಯಲ್ಲಿ ಇದ್ದ ಮಾದರಿ ಟೂರಿಂಗ್ ಟಾಕೀಸು. ನಮ್ಮ ಹುಡುಗಿಯದು ಮೊಬೈಲು.

ನನ್ನ ಕಸುಬಿನಿಂದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಮುಖಪುಟ ನಾಲ್ಕು ಪ್ಲೇಟುಗಳಲ್ಲಿ ಅಚ್ಚಾಗುತ್ತದೆ. ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಒಂದು ಯುಗಾದಿ ಸಂಚಿಕೆಗೆ ಬೇವು-ಬೆಲ್ಲ, ಮಾವಿನ ತೋರಣದ ಚಿತ್ರ ಹಾಕಿದ್ದೆವು. ರಾತ್ರಿ ಹನ್ನೊಂದು ಗಂಟೆ. ಮೆಷಿನ್ ನಡೆಸುವವರು ಕಪ್ಪು ಪ್ಲೇಟಿನದಷ್ಟೇ ಒಂದು ಹಾಳೆ ಓಡಿಸಿ ಕೈಗಿತ್ತರು. ಎಲೆಯ ನರ, ಬಟ್ಟಲಿನ ಅಂಚು, ಬೆಲ್ಲದ ಅಚ್ಚಿನ ಮುರಿದ ಮೂಲೆ ಎಲ್ಲ ಇತ್ತು. "ಚೆನ್ನಾಗಿದೆ, ಓಡಿಸಿ" ಎಂದೆ. ಅವರು ನಕ್ಕರು. ಹಾಳೆಯಲ್ಲಿ ಹಸಿರೇ ಇಲ್ಲ ಎಂದು ನನಗೆ ಗೊತ್ತಾಗಿದ್ದು ಅವರು ನಕ್ಕ ಮೇಲೆ.

ಮಿದುಳೂ ಸ್ವಲ್ಪ ಹೀಗೇ ಕೆಲಸ ಮಾಡುತ್ತದೆ. ಆಕಾರ, ಚಲನೆ, ಬಣ್ಣ ಮೂರನ್ನೂ ಒಂದೇ ಕಡೆ ಬಿಡಿಸುವುದಿಲ್ಲ. ತಲೆಯ ಹಿಂಭಾಗದಲ್ಲಿ ವಿ4 ಎಂದು ಕರೆಯುವ ಒಂದು ಜಾಗ ಇದೆ, ಬಣ್ಣದ ಕೆಲಸ ಮುಖ್ಯವಾಗಿ ಅದರದ್ದು. ಚಲನೆಗೆ ವಿ5. ಕನಸಿನಲ್ಲಿ ಕಣ್ಣಿನಿಂದ ಸುದ್ದಿ ಬರುವುದಿಲ್ಲ, ಆದರೆ ಈ ಮುಂದಿನ ಹಂತದ ಜಾಗಗಳು ಎಚ್ಚರವಾಗಿಯೇ ಇರುತ್ತವೆ. ಹಳೆಯ ನೆನಪಿನ ಸಾಮಾನು ತೆಗೆದುಕೊಂಡು ತಾವೇ ಚಿತ್ರ ಕಟ್ಟುತ್ತವೆ. ಇದು ತಪ್ಪು, ಇದು ಅಸಂಬದ್ಧ ಎಂದು ಎಚ್ಚರಿಸಬೇಕಾದ ಹಣೆಯ ಹಿಂದಿನ ಭಾಗ ಮಾತ್ರ ಮಂಕಾಗಿರುತ್ತದೆ. ನೇರಳೆ ಆನೆಯನ್ನು ಯಾರೂ ತಡೆಯದೇ ಬಿಟ್ಟಿದ್ದು ಅದಕ್ಕೇ.

ಬಣ್ಣದ ಪ್ಲೇಟೇ ಒಡೆದುಹೋದರೆ? ನ್ಯೂಯಾರ್ಕಿನ ವೈದ್ಯ ಆಲಿವರ್ ಸ್ಯಾಕ್ಸ್ ಅಂಥ ಒಬ್ಬ ಚಿತ್ರಕಾರನ ಬಗ್ಗೆ ಬರೆದಿದ್ದಾರೆ. ನಿಮ್ಮ ಕುಲದವನೇ. 65ನೇ ವಯಸ್ಸಿನಲ್ಲಿ ಕಾರು ಅಪಘಾತವಾಗಿ ತಲೆಗೆ ಪೆಟ್ಟು ಬಿತ್ತು. ಕಣ್ಣು ಚೆನ್ನಾಗಿತ್ತು, ಬಣ್ಣ ಪೂರ್ತಿ ಹೋಯಿತು. ಟೊಮೆಟೊ ಕಪ್ಪಗೆ ಕಾಣುತ್ತಿತ್ತು. ಊಟ ಹೇಸಿಗೆಯಾಗಿ, ಕಣ್ಣು ಮುಚ್ಚಿ ತಿನ್ನಲು ನೋಡಿದ. ಉಪಯೋಗವಾಗಲಿಲ್ಲ, ಮನಸ್ಸಿನಲ್ಲಿದ್ದ ಟೊಮೆಟೊ ಕೂಡ ಕಪ್ಪಾಗಿತ್ತು. ಕನಸಿನಿಂದಲೂ ಬಣ್ಣ ಹೋಯಿತು. ಕೊನೆಗೆ ಬಿಳಿ ಅನ್ನ, ಕರಿ ಆಲಿವ್, ಮೊಸರು, ಹಾಲಿಲ್ಲದ ಕಾಫಿ ಅಂತ ಹುಡುಕಿ ತಿನ್ನತೊಡಗಿದ. ನೋಡುವುದಕ್ಕೂ ನೆನೆಯುವುದಕ್ಕೂ ಕನಸು ಕಾಣುವುದಕ್ಕೂ ಮಿದುಳು ಇಟ್ಟುಕೊಂಡಿರುವುದು ಒಂದೇ ಬಣ್ಣದ ಡಬ್ಬಿ ಎಂದು ಇದರಿಂದ ಅನ್ನಿಸುತ್ತದೆ. ನಿಮ್ಮ ಡಬ್ಬಿ ಭದ್ರವಾಗಿದೆ. ಇಲ್ಲದಿದ್ದರೆ ಬೆಳಗಿನ ಕಾಫಿ ಕುಡಿಯುವಾಗಲೇ ಗೊತ್ತಾಗುತ್ತಿತ್ತು.

ಮನಸ್ಸು ಬಣ್ಣ ಹಾಕುವುದನ್ನು ಎಚ್ಚರದಲ್ಲೇ ಹಿಡಿದವರೂ ಇದ್ದಾರೆ. ಜರ್ಮನಿಯ ಗೀಸೆನ್‌ನಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ. ಪರದೆಯ ಮೇಲೆ ಬಾಳೆಹಣ್ಣಿನ ಚಿತ್ರ, ಕೈಗೆ ಬಣ್ಣ ತಿದ್ದುವ ಗುಂಡಿ. "ಹಳದಿ ತೆಗೆದು ತೆಗೆದು ಪೂರ್ತಿ ಬೂದು ಮಾಡಿ" ಎಂದರು. ಜನ ಬೂದು ಬಂದರೂ ನಿಲ್ಲಿಸಲಿಲ್ಲ, ಸ್ವಲ್ಪ ನೀಲಿಯ ಕಡೆಗೆ ಹೋಗಿ ನಿಲ್ಲಿಸಿದರು. ಯಾಕೆಂದರೆ ನಿಜವಾಗಿ ಬೂದಾದ ಬಾಳೆಹಣ್ಣು ಅವರಿಗೆ ಇನ್ನೂ ಚೂರು ಹಳದಿಯಾಗಿ ಕಾಣುತ್ತಿತ್ತು. ಬಾಳೆಹಣ್ಣು ಹಳದಿ ಎಂಬ ನೆನಪು ಕಣ್ಣಿನ ಮೇಲೆ ಒಂದು ತೆಳು ಬಣ್ಣ ಬಳಿದಿತ್ತು. ಮಕ್ಕಳು ಸೂರ್ಯನಿಗೆ ಹಳದಿ, ನೀರಿಗೆ ನೀಲಿ ಬಳಿದಾಗ ನೀವು "ಕಣ್ಣು ಬಿಟ್ಟು ನೋಡ್ರೋ" ಎಂದು ಎಷ್ಟು ಸಲ ಹೇಳಿರಬೇಕು, ಅಲ್ವಾ?

ಎಲ್ಲರ ಮನಸ್ಸೂ ಒಂದೇ ಥರ ಚಿತ್ರ ಬಿಡಿಸುವುದೂ ಇಲ್ಲ. 1880ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್, "ಇಂದು ಬೆಳಿಗ್ಗೆ ತಿಂಡಿಗೆ ಕೂತ ಮೇಜನ್ನು ನೆನೆದುಕೊಳ್ಳಿ, ಬಣ್ಣ ಕಾಣುತ್ತಿದೆಯೇ?" ಎಂದು ಪರಿಚಯದವರಿಗೆಲ್ಲ ಬರೆದು ಕೇಳಿದ. ಕೆಲವರಿಗೆ ಮೇಜು ಕಣ್ಣೆದುರೇ ಇತ್ತು. ಕೆಲವರಿಗೆ ಏನೂ ಇಲ್ಲ, "ಮನಸ್ಸಿನಲ್ಲಿ ಚಿತ್ರ ಅಂದರೇನು?" ಎಂದರು. ಇಂಥವರ ಈ ಸ್ಥಿತಿಗೆ 2015ರಲ್ಲಿ ಅಫ್ಯಾಂಟೇಸಿಯಾ ಎಂದು ಹೆಸರು ಬಂತು. ತಮಾಷೆ ಎಂದರೆ, ಎಚ್ಚರದಲ್ಲಿ ಒಂದು ಚಿತ್ರವನ್ನೂ ನೆನೆಯಲಾರದ ಅವರಲ್ಲಿ ಎಷ್ಟೋ ಜನಕ್ಕೆ ಕನಸು ಮಾತ್ರ ಚಿತ್ರವಾಗಿಯೇ ಬೀಳುತ್ತದೆ. ಹುಟ್ಟಿನಿಂದ ಕುರುಡರಾದವರಿಗೆ ಸಾಮಾನ್ಯವಾಗಿ ದನಿ, ಸ್ಪರ್ಶ, ವಾಸನೆಯ ಕನಸು.

ಚಿತ್ರ ಬರೆಯುವವರು ಯಾರು ಎಂದು ಕೇಳಿದ್ದೀರಿ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಇದೇ ಪ್ರಶ್ನೆ ಇದೆ. ಅಲ್ಲಿ ರಥವಿಲ್ಲ, ಕುದುರೆಯಿಲ್ಲ, ದಾರಿಯಿಲ್ಲ. ಕನಸು ಕಾಣುವವನು ರಥವನ್ನೂ ಕುದುರೆಯನ್ನೂ ದಾರಿಯನ್ನೂ ತಾನೇ ಮಾಡಿಕೊಳ್ಳುತ್ತಾನೆ ಎನ್ನುತ್ತಾನೆ ಯಾಜ್ಞವಲ್ಕ್ಯ. ಸ್ವಲ್ಪ ಮುಂದೆ ಕೂದಲಿನ ಸಾವಿರ ಪಾಲಿನಲ್ಲಿ ಒಂದು ಪಾಲಿನಷ್ಟು ಸಣ್ಣ ನಾಡಿಗಳ ಮಾತು ಬರುತ್ತದೆ. ಅವುಗಳಲ್ಲಿ ತುಂಬಿರುವುದು ಬಿಳಿ, ನೀಲಿ, ಕಂದು, ಹಸಿರು, ಕೆಂಪು. ಅದೇ ಉಸಿರಿನಲ್ಲಿ ಕನಸಿನ ಹೆದರಿಕೆಗಳು: ಯಾರೋ ಕೊಂದಂತೆ, ಹಳ್ಳಕ್ಕೆ ಬಿದ್ದಂತೆ, ಆನೆ ಅಟ್ಟಿಸಿಕೊಂಡು ಬಂದಂತೆ. ಆನೆಯ ಬಣ್ಣ ಹೇಳಿಲ್ಲ. ಇದರಲ್ಲಿ ಇವತ್ತಿನ ವಿಜ್ಞಾನ ಹುಡುಕುವ ಚಟ ನನಗಿಲ್ಲ. ಆದರೆ ಸಿನಿಮಾ ಇಲ್ಲದ ಕಾಲದಲ್ಲಿ ಕನಸು ಬಣ್ಣಗೆಟ್ಟದ್ದು ಎಂದು ಇವರಿಗೆ ಹೊಳೆದೇ ಇರಲಿಲ್ಲ ಅನ್ನಿಸುತ್ತದೆ.

ಶ್ವಿಟ್ಸ್‌ಗೇಬಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಕನಸು ಬಣ್ಣದ್ದೂ ಅಲ್ಲ, ಕಪ್ಪು-ಬಿಳುಪೂ ಅಲ್ಲದೇ ಇರಬಹುದು, ಕಥೆ ಓದುವಾಗಿನ ಹಾಗೆ ಎನ್ನುತ್ತಾರೆ. "ಪುಟ್ಟಸ್ವಾಮಿ ಸೈಕಲ್ ಹತ್ತಿ ಸಂತೆಗೆ ಹೋದ" ಎಂದು ಓದಿದಿರಿ. ಸೈಕಲ್ ಕಂಡಿತು. ಯಾವ ಬಣ್ಣ? ಕೇಳುವವರೆಗೂ ಅದಕ್ಕೆ ಬಣ್ಣವೇ ಇರಲಿಲ್ಲ. ಹಾಗೆಂದು ಅದು ಬೂದು ಸೈಕಲ್ಲೂ ಅಲ್ಲ. ನನಗೆ ಈ ಮಾತು ಮುಕ್ಕಾಲು ಪಾಲು ಒಪ್ಪಿಗೆ. ಉಳಿದ ಕಾಲು ಪಾಲಿಗೆ ನಿಮ್ಮ ಮೊಮ್ಮಗಳ ಆನೆ ಅಡ್ಡ ಬರುತ್ತದೆ. ಆ ನೇರಳೆಯನ್ನು ಅವಳು ಆಮೇಲೆ ತುಂಬಿದಂತೆ ಕಾಣುವುದಿಲ್ಲ. ಆಮೇಲೆ ತುಂಬಿದ್ದರೆ ಆನೆಗೆ ಕಪ್ಪೇ ಬರುತ್ತಿತ್ತು.

ನಿಮಗೆ ಉತ್ತರ ಬರೆಯುವ ಮೊದಲು ನಾನೂ ಹದಿನೈದು ದಿನ ದಿಂಬಿನ ಪಕ್ಕ ನೋಟ್‌ಬುಕ್ ಇಟ್ಟುಕೊಂಡು ಮಲಗಿದೆ. ಆರು ಕನಸು ಸಿಕ್ಕಿದವು. ನಾಲ್ಕರಲ್ಲಿ ಬಣ್ಣದ ಸುಳಿವೇ ಇಲ್ಲ. ಒಂದರಲ್ಲಿ ನಮ್ಮಮ್ಮ ಊರಿನ ಬಾವಿಕಟ್ಟೆಯ ಹತ್ತಿರ ಪ್ಲಾಸ್ಟಿಕ್ ಕೊಡ ಹಿಡಿದು ನಿಂತಿದ್ದಳು. ಕೊಡ ಕಿತ್ತಳೆ ಬಣ್ಣ, ಅದರಲ್ಲಿ ಅನುಮಾನವೇ ಇಲ್ಲ. "ಹಸಿರು ಸೀರೆ" ಎಂದೂ ಬರೆದಿದ್ದೆ. ಹಲ್ಲುಜ್ಜುವಾಗ ಅನುಮಾನ ಬಂತು. ಹಾಲ್‌ನಲ್ಲಿ ತೂಗುಹಾಕಿರುವ ಅಮ್ಮನ ಫೋಟೊದಲ್ಲಿ ಹಸಿರು ಸೀರೆ ಇದೆ. ಕನಸಿನ ಸೀರೆಗೆ ಏನು ಬಣ್ಣವಿತ್ತು ಎಂದು ಎಷ್ಟು ತಿಣುಕಿದರೂ ಬರಲಿಲ್ಲ. "ಹಸಿರು" ಹೊಡೆದುಹಾಕಿದೆ. ಆರನೆಯದು ಪ್ರೆಸ್ಸಿನ ಗಲಾಟೆ, ಸುಮ್ನೆ ಬಿಡಿ.

ನೀವೂ ಮಾಡಿ ನೋಡಿ. ನೋಟ್‌ಬುಕ್ ಬೇಡ, ನಿಮಗೆ ಡ್ರಾಯಿಂಗ್ ಹಾಳೆ, ಕ್ರೇಯಾನ್ ಡಬ್ಬಿ. ಎಚ್ಚರವಾದ ಕೂಡಲೇ ಮಗ್ಗುಲು ಬದಲಿಸಬೇಡಿ, ಮೊಬೈಲ್ ಮುಟ್ಟಬೇಡಿ. ಕಣ್ಣು ಮುಚ್ಚಿಕೊಂಡೇ ಒಂದು ನಿಮಿಷ ಹಿಂದಕ್ಕೆ ಹೋಗಿ. ಆಮೇಲೆ ಖಂಡಿತ ಕಂಡ ಬಣ್ಣ ಮಾತ್ರ ಬಳಿಯಿರಿ. ಬೂದು ಕಂಡಿದ್ದರೆ ಬೂದು. ಏನೂ ಕಂಡಿರದಿದ್ದರೆ ಆ ಜಾಗದಲ್ಲಿ ಹಾಳೆ ಖಾಲಿ ಬಿಡಿ. ಬೂದು ಬೇರೆ, ಖಾಲಿ ಬೇರೆ ಎಂದು ನಿಮಗೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು. ಒಂದು ತಿಂಗಳಾದ ಮೇಲೆ ಹಾಳೆಗಳನ್ನು ಕಳಿಸಿ, ಜೊತೆಗೆ ಮೊಮ್ಮಗಳ ಕೈಯಲ್ಲಿ ಆ ಆನೆಯನ್ನೂ ಬರೆಸಿ. ನಮ್ಮ ಒಳಪುಟಗಳೆಲ್ಲ ಕಪ್ಪು-ಬಿಳುಪು. ಅಲ್ಲಿ ಹಾಕಿದರೆ ನೇರಳೆ ಆನೆ ಮಾಮೂಲಿ ಆನೆಯಾಗಿಬಿಡುತ್ತದೆ. ಹಿಂಬದಿ ರಕ್ಷಾಪುಟ ಖಾಲಿ ಇಟ್ಟಿರುತ್ತೇನೆ.

— ಸಂ.